ನ್ಯೂಯಾರ್ಕಿಗಿಂತ ಮೊದಲು ಚಾರ್ಲ್‌ಸ್ಟನ್: ದಕ್ಷಿಣ ಕೆರೊಲಿನಾದ ಯಹೂದಿಗಳು

ಅಮೆರಿಕದ ಯಹೂದಿಗಳ ಬಗ್ಗೆ ಒಂದು ಉಪನ್ಯಾಸ ಕೊಡಿ ಎಂದು ಕೇಳಿದಾಗ ಸಂಘಟಕರ ಮನಸ್ಸಿನಲ್ಲಿದ್ದುದು ಬಹುಶಃ ನ್ಯೂಯಾರ್ಕ್. ಬೇರೆ ಯಾವ ರಾಜ್ಯದಲ್ಲೂ ಇಲ್ಲದಷ್ಟು ಯಹೂದಿಗಳು ಇಂದು ಅಲ್ಲಿದ್ದಾರೆ; ನಾವು ಓದುವ ಕಾದಂಬರಿಗಳಲ್ಲಿ, ನೋಡುವ ಸಿನಿಮಾಗಳಲ್ಲಿ ಎದುರಾಗುವ ಅಮೆರಿಕನ್ ಯಹೂದಿಯೂ ಹೆಚ್ಚಾಗಿ ಅಲ್ಲಿಯವನೇ. ಆದರೂ ನಾನು ದಕ್ಷಿಣ ಕೆರೊಲಿನಾವನ್ನು ಆರಿಸಿಕೊಂಡಿದ್ದೇನೆ. 51 ಲಕ್ಷಕ್ಕೂ ಹೆಚ್ಚು ಜನರಿರುವ ಆ ರಾಜ್ಯದಲ್ಲಿ ಯಹೂದಿಗಳು ಅಂದಾಜು 15ರಿಂದ 20 ಸಾವಿರ, ಅಂದರೆ ಸಾವಿರಕ್ಕೆ ಮೂರು ನಾಲ್ಕು ಮಂದಿ. ಇಷ್ಟು ಸಣ್ಣ ಸಮುದಾಯಕ್ಕೆ ಇಡೀ ಒಂದು ಸಂಜೆಯನ್ನು ಮೀಸಲಿಡಲು ಕಾರಣವಿದೆ. 1800ರ ಸುಮಾರಿಗೆ ಅಮೆರಿಕದಲ್ಲಿ ಅತಿ ಹೆಚ್ಚು ಯಹೂದಿಗಳಿದ್ದ ಊರು ಆ ರಾಜ್ಯದ ಬಂದರು ಚಾರ್ಲ್‌ಸ್ಟನ್. ನ್ಯೂಯಾರ್ಕ್, ಫಿಲಡೆಲ್ಫಿಯಾಗಳು ಅದರ ನಂತರ. ಆ ಊರು ಹೇಗೆ ಮುಂದೆ ಬಂತು, ಏಕೆ ಹಿಂದೆ ಬಿತ್ತು, ಈ ನಡುವೆ ಅಲ್ಲಿನ ಯಹೂದಿಗಳು ತಮ್ಮ ಧರ್ಮವನ್ನೂ ತಮ್ಮ ಪೌರತ್ವವನ್ನೂ ಹೇಗೆ ಅರ್ಥ ಮಾಡಿಕೊಂಡರು ಎಂಬುದು ಈ ಉಪನ್ಯಾಸದ ವಿಷಯ.

ಅಂಕಿಗಳ ಬಗ್ಗೆ ಮೊದಲೇ ಒಂದು ಮಾತು ಹೇಳಿಬಿಡಬೇಕು. ಜನಗಣತಿಯವರು ಮನೆಗೆ ಬಂದು ಧರ್ಮ ಯಾವುದೆಂದು ಕೇಳಿ ಬರೆದುಕೊಳ್ಳುವುದು ನಮಗೆ ರೂಢಿಯಾಗಿದೆ. ಅಮೆರಿಕದಲ್ಲಿ ಹತ್ತು ವರ್ಷಕ್ಕೊಮ್ಮೆ ನಡೆಯುವ ಗಣತಿ ವ್ಯಕ್ತಿಯ ಧರ್ಮವನ್ನು ಎಂದೂ ಕೇಳಿದ್ದಿಲ್ಲ. ಧರ್ಮದ ಕುರಿತ ಪ್ರಶ್ನೆಗೆ ಉತ್ತರಿಸಲೇಬೇಕೆಂದು ಯಾರನ್ನೂ ಒತ್ತಾಯಿಸುವಂತಿಲ್ಲ ಎಂದು 1976ರ ಕಾನೂನು ಸ್ಪಷ್ಟವಾಗಿ ಹೇಳುತ್ತದೆ. 1850ರಿಂದ 1870ರವರೆಗಿನ ಗಣತಿಗಳು ಆರಾಧನಾ ಮಂದಿರಗಳನ್ನು ಎಣಿಸಿದವು, ಅವುಗಳಲ್ಲಿ ಎಷ್ಟು ಜನ ಕೂರಬಹುದು ಎಂಬುದನ್ನೂ ಬರೆದಿಟ್ಟವು; ಕೂರುವವರನ್ನು ಎಣಿಸಲಿಲ್ಲ. ಹಾಗಾಗಿ ಹಳೆಯ ಕಾಲದ ಸಂಖ್ಯೆಗಳೆಲ್ಲ ಇತಿಹಾಸಕಾರರು ಶ್ರಮಪಟ್ಟು ಹೊಂದಿಸಿದವು: 1790ರಿಂದೀಚೆಗಿನ ಗಣತಿ ಪಟ್ಟಿಗಳಲ್ಲಿರುವ ಮನೆಯ ಯಜಮಾನರ ಹೆಸರುಗಳನ್ನು ಸಿನಗಾಗ್‌ಗಳ (ಯಹೂದಿ ಪ್ರಾರ್ಥನಾ ಮಂದಿರಗಳ) ಚಂದಾ ಪಟ್ಟಿ, ಸಮಾಧಿ ಕಲ್ಲು, ಉಯಿಲು, ತೆರಿಗೆ ಪುಸ್ತಕಗಳೊಡನೆ ತಾಳೆ ನೋಡಿ ತೆಗೆದ ಅಂದಾಜುಗಳು. ಇಂದಿನ ಸಂಖ್ಯೆಗಳು ಸ್ಥಳೀಯ ಯಹೂದಿ ಸಂಸ್ಥೆಗಳ ಸದಸ್ಯ ಪಟ್ಟಿ ಮತ್ತು ಸಮೀಕ್ಷೆಗಳ ಮೇಲೆ ನಿಂತಿವೆ. ಕೋಹೆನ್, ಲೆವಿ, ಗೋಲ್ಡ್‌ಬರ್ಗ್‌ನಂಥ ಮನೆತನದ ಹೆಸರುಗಳನ್ನು ಎಣಿಸಿ, ಅದರಿಂದ ಒಟ್ಟು ಸಂಖ್ಯೆಯನ್ನು ಊಹಿಸುವ ವಿಧಾನವೂ ಉಂಟು. ತಲೆತಲಾಂತರದಿಂದ ಕ್ರೈಸ್ತರೊಡನೆ ಮದುವೆಗಳು ನಡೆದಿರುವ ಹಳೆಯ ದಕ್ಷಿಣದ ಊರುಗಳಲ್ಲಿ ಆ ವಿಧಾನವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅಲ್ಲಿ ಕೋಹೆನ್ ಎಂಬ ಹೆಸರಿನವರು ಭಾನುವಾರ ಚರ್ಚಿಗೆ ಹೋಗುವವರಾಗಿರಬಹುದು.

ಯಹೂದಿಗಳು ಕೆರೊಲಿನಾಕ್ಕೆ ಬಂದದ್ದಕ್ಕೆ ಮೂಲ ಹುಡುಕುತ್ತಾ ಹೋದರೆ ಮೊದಲು ಸಿಗುವುದು ಒಂದು ಕಾನೂನಿನ ಕರಡು. 1669ರಲ್ಲಿ, ಚಾರ್ಲ್‌ಸ್ಟನ್ ನೆಲೆಗೊಳ್ಳುವುದಕ್ಕೆ ಒಂದು ವರ್ಷ ಮೊದಲು, ವಸಾಹತಿನ ಒಡೆಯರಾದ ಎಂಟು ಜನ ಇಂಗ್ಲಿಷ್ ಶ್ರೀಮಂತರು ಕೆರೊಲಿನಾದ ಮೂಲ ಸಂವಿಧಾನ ಎಂಬ ದಸ್ತಾವೇಜನ್ನು ಸಿದ್ಧಪಡಿಸಿದರು. ಅವರ ಕಾರ್ಯದರ್ಶಿಯಾಗಿ ಅದರ ರಚನೆಯಲ್ಲಿ ಕೈಯಾಡಿಸಿದವನು ಮುಂದೆ ತತ್ತ್ವಜ್ಞಾನಿಯೆಂದು ಹೆಸರಾದ ಜಾನ್ ಲಾಕ್. ಯಹೂದಿಗಳು, ಮೂರ್ತಿಪೂಜಕರು ಮತ್ತು ಇತರ ಭಿನ್ನಮತೀಯರು ಹೆದರಿ ದೂರ ಉಳಿಯಬಾರದು ಎಂಬ ಆಶಯವನ್ನು ಹೇಳಿ, ಒಂದೇ ನಂಬಿಕೆಯ ಏಳು ಜನ ಸೇರಿದರೆ ತಮ್ಮದೇ ಧರ್ಮಸಭೆಯನ್ನು ಕಟ್ಟಿಕೊಳ್ಳಬಹುದು ಎಂದು ಆ ದಸ್ತಾವೇಜು ಅನುಮತಿಸಿತು. ಇಂಗ್ಲೆಂಡಿನಲ್ಲೇ ಯಹೂದಿಗಳಿಗೆ ಇಂಥ ಲಿಖಿತ ಭರವಸೆ ಇಲ್ಲದ ಕಾಲವದು. ಈ ಭಾಗವನ್ನು ಮಾತ್ರ ಓದಿ ನಿಲ್ಲಿಸುವವರೇ ಹೆಚ್ಚು. ಅದೇ ದಸ್ತಾವೇಜು ಕೆಲವು ಕಲಮುಗಳ ನಂತರ, ಪ್ರತಿಯೊಬ್ಬ ಸ್ವತಂತ್ರ ಪುರುಷನಿಗೂ ತನ್ನ ನೀಗ್ರೋ ಗುಲಾಮರ ಮೇಲೆ, ಅವರ ಧರ್ಮ ಯಾವುದೇ ಆಗಿರಲಿ, ಪೂರ್ಣ ಅಧಿಕಾರವಿರುತ್ತದೆ ಎಂದು ವಿಧಿಸುತ್ತದೆ. ವಸಾಹತಿನ ಶಾಸನಸಭೆ ಈ ಸಂವಿಧಾನವನ್ನು ಪೂರ್ತಿಯಾಗಿ ಅಂಗೀಕರಿಸಲೇ ಇಲ್ಲ. ಆದರೂ ಅದರ ಎರಡೂ ಭರವಸೆಗಳು ಜಾರಿಗೆ ಬಂದವು, ಅದೂ ಒಟ್ಟಿಗೇ ಬಂದವು. ಚಾರ್ಲ್‌ಸ್ಟನ್ನಿನ ಯಹೂದಿಗಳ ಸ್ವಾತಂತ್ರ್ಯದ ಕಥೆಯನ್ನೂ ಗುಲಾಮಗಿರಿಯ ಕಥೆಯನ್ನೂ ಬೇರೆ ಬೇರೆ ಅಧ್ಯಾಯಗಳಾಗಿ ಬರೆಯುವ ರೂಢಿಯನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ.

ದಾಖಲೆಯಲ್ಲಿ ಕಾಣಿಸುವ ಮೊದಲ ಯಹೂದಿಗೆ ಹೆಸರಿಲ್ಲ. 1695ರಲ್ಲಿ, ಸ್ಪೇನಿನ ಹಿಡಿತದಲ್ಲಿದ್ದ ಫ್ಲೋರಿಡಾದ ಕೆಲವು ಮೂಲನಿವಾಸಿ ಸೆರೆಯಾಳುಗಳನ್ನು ಗವರ್ನರ್ ಜಾನ್ ಆರ್ಚ್‌ಡೇಲ್‌ನ ಮುಂದೆ ತಂದು ನಿಲ್ಲಿಸಿದಾಗ, ಸ್ಪ್ಯಾನಿಷ್ ಬಲ್ಲ ಒಬ್ಬ ಯಹೂದಿ ದುಭಾಷಿಯಾಗಿ ನೆರವಾದನೆಂದು ಗವರ್ನರನೇ ಬರೆದಿದ್ದಾನೆ. ಎರಡು ವರ್ಷಗಳ ನಂತರ ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟೆಂಟರೊಡನೆ ಸೈಮನ್ ವ್ಯಾಲೆಂಟೈನ್ ಸೇರಿ ನಾಲ್ವರು ಯಹೂದಿಗಳಿಗೂ ಪೌರತ್ವ ಸಿಕ್ಕಿತು. 18ನೇ ಶತಮಾನದ ಆರಂಭದ ಒಂದು ಚುನಾವಣೆಯಲ್ಲಿ ಸೋತ ಪಕ್ಷದವರು, ಯಹೂದಿಗಳು, ಪರದೇಶಿಗಳು, ನಾವಿಕರು, ಆಳುಗಳು, ನೀಗ್ರೋಗಳು ಎಲ್ಲರೂ ಮತ ಹಾಕಿದರೆಂದು ಲಂಡನ್ನಿಗೆ ದೂರು ಕೊಟ್ಟರು. ಈ ದೂರಿನ ಪುಣ್ಯದಿಂದಲೇ ಅವರು ಮತ ಹಾಕಿದ್ದು ನಮಗೆ ತಿಳಿದಿದೆ. 1721ರ ಚುನಾವಣಾ ಕಾನೂನು ಮತದಾನವನ್ನು ಕ್ರೈಸ್ತ ಧರ್ಮದ ಸ್ವತಂತ್ರ ಬಿಳಿಯ ಪುರುಷರಿಗೆ ಸೀಮಿತಗೊಳಿಸಿತು.

1740ರ ಹೊತ್ತಿಗೆ ದಕ್ಷಿಣದ ನೆರೆಯ ವಸಾಹತು ಜಾರ್ಜಿಯಾದ ಸವಾನಾದಲ್ಲಿ ನೆಲೆಸಿದ್ದ ಯಹೂದಿ ಕುಟುಂಬಗಳಲ್ಲಿ ಗಾಬರಿ ಹುಟ್ಟಿತು. ಬ್ರಿಟನ್ನಿಗೂ ಸ್ಪೇನಿಗೂ ಯುದ್ಧ ನಡೆದಿತ್ತು. ಫ್ಲೋರಿಡಾದಿಂದ ಸ್ಪ್ಯಾನಿಷ್ ಸೈನ್ಯ ನುಗ್ಗಿ ಬಂದರೆ, ಪೋರ್ಚುಗಲ್‌ನಲ್ಲಿ ಹೊರಗೆ ಕ್ರೈಸ್ತರಂತೆಯೂ ಒಳಗೆ ಯಹೂದಿಗಳಂತೆಯೂ ಬದುಕಿ ತಪ್ಪಿಸಿಕೊಂಡು ಬಂದಿದ್ದವರನ್ನು ಇನ್‌ಕ್ವಿಸಿಷನ್, ಅಂದರೆ ಕ್ಯಾಥೊಲಿಕ್ ಚರ್ಚಿನ ಧರ್ಮವಿಚಾರಣಾ ಮಂಡಳಿ, ಬಿಡುತ್ತಿರಲಿಲ್ಲ. ಅವರಲ್ಲಿ ಹಲವರು ಚಾರ್ಲ್‌ಸ್ಟನ್ನಿಗೆ ಬಂದರು. ಲಂಡನ್, ಆಮ್‌ಸ್ಟರ್‌ಡ್ಯಾಮ್, ಕೆರಿಬಿಯನ್ ದ್ವೀಪಗಳಿಂದಲೂ ವ್ಯಾಪಾರಿಗಳು ಬಂದು ಸೇರಿಕೊಂಡರು. 1749ರಲ್ಲಿ ಕಹಾಲ್ ಕಾದೋಶ್ ಬೆತ್ ಎಲೋಹಿಮ್ ಎಂಬ ಧರ್ಮಸಭೆ ಸ್ಥಾಪನೆಯಾಯಿತು. ಐಸಾಕ್ ದ ಕೋಸ್ಟಾ ಅದರಲ್ಲಿ ಪ್ರಾರ್ಥನೆಯನ್ನು ನಡೆಸಿಕೊಡುತ್ತಿದ್ದನು. ಅವನ ಮನೆತನದ ಸ್ಮಶಾನವಾಗಿ ಶುರುವಾದ ಜಾಗವೇ ಮುಂದೆ ಸಭೆಯ ಕೈಗೆ ಬಂದ ಕಮಿಂಗ್ ಸ್ಟ್ರೀಟ್ ಸ್ಮಶಾನ. ಪ್ರಾರ್ಥನಾ ಪದ್ಧತಿ ಸ್ಪೇನ್–ಪೋರ್ಚುಗಲ್ ಮೂಲದ ಸೆಫಾರ್ದಿಗಳದು. ಸದಸ್ಯರಲ್ಲಿ ಜರ್ಮನಿ, ಪೋಲೆಂಡ್ ಕಡೆಯ ಅಶ್ಕೆನಾಜಿಗಳು ಹೆಚ್ಚಾಗುತ್ತಾ ಹೋದರೂ ಆ ಪದ್ಧತಿ ಬಹುಕಾಲ ಬದಲಾಗಲಿಲ್ಲ.

ಇವರನ್ನು ಈ ಬಂದರಿಗೆ ಸೆಳೆದದ್ದು ನೀಲಿ (ಬಟ್ಟೆಗೆ ಬಣ್ಣ ಕೊಡುವ ಗಿಡ) ಮತ್ತು ಭತ್ತದ ವ್ಯಾಪಾರ. ಕೆರೊಲಿನಾದ ತಗ್ಗು ಕರಾವಳಿಯಲ್ಲಿ ಗುಲಾಮರ ದುಡಿಮೆಯಿಂದ ಬೆಳೆದ ನೀಲಿಗೆ ಬ್ರಿಟಿಷ್ ಸರ್ಕಾರ 1748ರಿಂದ ಪ್ರೋತ್ಸಾಹ ಧನ ಕೊಡತೊಡಗಿತು, ಅಮೆರಿಕನ್ ಕ್ರಾಂತಿಯ ಹೊತ್ತಿಗೆ ವಾರ್ಷಿಕ ರಫ್ತು ಹತ್ತು ಲಕ್ಷ ಪೌಂಡ್ ತೂಕವನ್ನು ದಾಟಿತ್ತು. ಲಂಡನ್ನಿನಲ್ಲಿ ಬಣ್ಣದ ಸರಕಿನ ಪರಿಣತನೆಂದು ಹೆಸರು ಪಡೆದಿದ್ದ ಮೋಸೆಸ್ ಲಿಂಡೊ 1756ರಲ್ಲಿ ಚಾರ್ಲ್‌ಸ್ಟನ್ನಿಗೆ ಬಂದು ನೀಲಿಯ ದರ್ಜೆ ನಿರ್ಧರಿಸುವುದರಲ್ಲಿ ತೊಡಗಿದನು. 1762ರಲ್ಲಿ ಗವರ್ನರ್ ಅವನನ್ನು ನೀಲಿಯ ಮುಖ್ಯ ಪರೀಕ್ಷಕನನ್ನಾಗಿ ನೇಮಿಸಿದನು. ಮತ ಹಾಕುವ ಹಕ್ಕಿಲ್ಲದವನಿಗೆ ವಸಾಹತಿನ ಮುಖ್ಯ ರಫ್ತುಗಳಲ್ಲೊಂದರ ಗುಣಮಟ್ಟಕ್ಕೆ ಮುದ್ರೆ ಒತ್ತುವ ಅಧಿಕಾರ ಸಿಕ್ಕಿತ್ತು. ಇಲ್ಲಿ ನಮ್ಮ ಕಡೆಗೊಂದು ಎಳೆ ಬರುತ್ತದೆ. ಅಮೆರಿಕ ಕೈತಪ್ಪಿದ ಮೇಲೆ ಬ್ರಿಟನ್ ಕೆರೊಲಿನಾದ ನೀಲಿಗೆ ಕೊಡುತ್ತಿದ್ದ ಪ್ರೋತ್ಸಾಹ ನಿಂತಿತು, ಈಸ್ಟ್ ಇಂಡಿಯಾ ಕಂಪನಿ ಬಂಗಾಳದಲ್ಲಿ ನೀಲಿಯನ್ನು ಬೆಳೆಸಲು ಮುಂದಾಯಿತು. 1859ರಲ್ಲಿ ಬಂಗಾಳದ ರೈತರು ಸಿಡಿದೆದ್ದದ್ದು ಆ ನೀಲಿ ಬೇಸಾಯದ ವಿರುದ್ಧ.

ಭಾರತದೊಡನೆ ಇನ್ನೂ ನೇರವಾದ ನಂಟು ಸಾಲ್ವಡಾರ್ ಮನೆತನದ್ದು. ಲಂಡನ್ನಿನ ಈ ಸೆಫಾರ್ದಿ ವ್ಯಾಪಾರಿಗಳು ಮದರಾಸಿಗೆ ಹವಳ ಕಳುಹಿಸಿ ವಜ್ರ ತರಿಸಿಕೊಳ್ಳುವ ವಹಿವಾಟಿನಲ್ಲಿದ್ದರು. ಆ ಮನೆಯ ಜೋಸೆಫ್ ಸಾಲ್ವಡಾರ್ 1755ರಲ್ಲಿ ಕೆರೊಲಿನಾದ ಒಳನಾಡಿನಲ್ಲಿ ಒಂದು ಲಕ್ಷ ಎಕರೆ ಭೂಮಿ ಕೊಂಡನು. ಅದೇ ವರ್ಷ ಲಿಸ್ಬನ್ನಿನಲ್ಲಿ ಸಂಭವಿಸಿದ ಭೂಕಂಪದಲ್ಲೂ ಮುಂದೆ ಬಂದ ವ್ಯಾಪಾರದ ಕುಸಿತದಲ್ಲೂ ಮನೆತನ ನಷ್ಟ ಅನುಭವಿಸಿದ ಮೇಲೆ ಉಳಿದ ಮುಖ್ಯ ಆಸ್ತಿ ಆ ನೆಲವೇ ಆಯಿತು. ಅದನ್ನು ನೋಡಿಕೊಂಡು ಹಣ ಮಾಡುವ ಉದ್ದೇಶದಿಂದ 1773ರ ಕೊನೆಯಲ್ಲಿ ಅವನ ಸೋದರನ ಮಗನೂ ಅಳಿಯನೂ ಆಗಿದ್ದ ಫ್ರಾನ್ಸಿಸ್ ಸಾಲ್ವಡಾರ್, ಹೆಂಡತಿ ಮಕ್ಕಳನ್ನು ಲಂಡನ್ನಿನಲ್ಲೇ ಬಿಟ್ಟು ಹೊರಟುಬಂದನು. ಗುಲಾಮರನ್ನು ಕೊಂಡು ನೀಲಿ ಬೆಳೆಯತೊಡಗಿದ ಈ ಯುವಕನನ್ನು ನೈಂಟಿ ಸಿಕ್ಸ್ ಎಂಬ ಜಿಲ್ಲೆಯ ನೆರೆಯವರು ಪ್ರಾಂತೀಯ ಕಾಂಗ್ರೆಸ್ಸಿಗೆ ಪ್ರತಿನಿಧಿಯಾಗಿ ಕಳುಹಿಸಿದರು. ಕಾನೂನಿನ ಪ್ರಕಾರ ಅವನಿಗೆ ಅಲ್ಲಿ ಸ್ಥಾನವಿರಲಿಲ್ಲ. ಆದರೆ ಯಾರೂ ತಕರಾರು ಮಾಡಲಿಲ್ಲ. ಅಮೆರಿಕದ ವಸಾಹತುಗಳಲ್ಲಿ ಚುನಾಯಿತ ಹುದ್ದೆಗೆ ಬಂದ ಮೊದಲ ಯಹೂದಿ ಅವನೇ. 1776ರ ಆಗಸ್ಟ್ 1ರಂದು, ಬ್ರಿಟಿಷರ ಪರ ನಿಂತವರೂ ಚೆರೋಕಿ ಎಂಬ ಮೂಲನಿವಾಸಿಗಳೂ ಸೇರಿ ನಡೆಸಿದ ರಾತ್ರಿಯ ದಾಳಿಯಲ್ಲಿ ಗುಂಡೇಟು ತಿಂದು ಸತ್ತಾಗ ಅವನಿಗೆ 29 ವರ್ಷ. ಅವನ ಮಾವ ಜೋಸೆಫ್ ಮುಂದೆ ತಾನೇ ಕೆರೊಲಿನಾಕ್ಕೆ ಬಂದು 1786ರಲ್ಲಿ ಚಾರ್ಲ್‌ಸ್ಟನ್ನಿನಲ್ಲಿ ತೀರಿಕೊಂಡನು.

ರಾಜ್ಯದ 1778ರ ಸಂವಿಧಾನ ಪ್ರಾಟೆಸ್ಟೆಂಟ್ ಕ್ರೈಸ್ತ ಧರ್ಮವನ್ನು ರಾಜ್ಯಧರ್ಮವೆಂದು ಘೋಷಿಸಿತ್ತು. 1790ರ ಸಂವಿಧಾನ ಅದನ್ನು ಕೈಬಿಟ್ಟು ಮತದಾನಕ್ಕೆ ಧರ್ಮದ ಷರತ್ತನ್ನು ತೆಗೆದುಹಾಕಿತು, ಬಣ್ಣದ ಷರತ್ತನ್ನು ಉಳಿಸಿಕೊಂಡಿತು. ಮರುವರ್ಷ ಬೆತ್ ಎಲೋಹಿಮ್ ಕಾನೂನುಬದ್ಧ ಸಂಸ್ಥೆಯಾಗಿ ನೋಂದಣಿಯಾದಾಗ ಅದರಲ್ಲಿ 53 ಕುಟುಂಬಗಳು, ಸುಮಾರು 400 ಜನ ಇದ್ದರು. 1794ರಲ್ಲಿ ಹೊಸ ಸಿನಗಾಗ್ ಉದ್ಘಾಟನೆಯಾದಾಗ ಗವರ್ನರ್ ವಿಲಿಯಂ ಮೌಲ್ಟ್ರಿ ಸಮಾರಂಭಕ್ಕೆ ಬಂದಿದ್ದನು. ಬಡವರ ನೆರವಿಗೆ 1784ರಲ್ಲೇ ಒಂದು ಸಂಘ ಹುಟ್ಟಿತ್ತು, ಅನಾಥ ಮಕ್ಕಳಿಗಾಗಿ 1801ರಲ್ಲಿ ಇನ್ನೊಂದು ಹುಟ್ಟಿತು. 1820ರ ಹೊತ್ತಿಗೆ ಊರಿನ ಯಹೂದಿಗಳು ಸುಮಾರು 700. ಇಡೀ ಅಮೆರಿಕದಲ್ಲಿ ಆಗ ಯಹೂದಿಗಳಿದ್ದುದೇ ಮೂರು ಸಾವಿರಕ್ಕಿಂತ ಕಡಿಮೆ. ಅವರಲ್ಲಿ ನಾಲ್ಕರಲ್ಲೊಂದು ಪಾಲಿನಷ್ಟು ಜನ ಈ ಒಂದೇ ಬಂದರಿನಲ್ಲಿದ್ದರು. ಅಂಗಡಿಕಾರರು, ಹರಾಜುಗಾರರು, ಪತ್ರಕರ್ತರು, ವಕೀಲರು, ವೈದ್ಯರು, ನಗರ ಕಚೇರಿಯ ನೌಕರರು, ಎಲ್ಲ ಬಗೆಯ ಜನ ಅವರಲ್ಲಿದ್ದರು. ಟ್ಯುನಿಸ್‌ನಲ್ಲಿದ್ದ ಅಮೆರಿಕದ ಕಾನ್ಸಲ್ ಮೊರ್ಡೆಕಾಯ್ ನೋಆನನ್ನು ವಾಪಸ್ ಕರೆಸಿಕೊಳ್ಳುವಾಗ ಅವನ ಧರ್ಮವನ್ನು ಕಾರಣವಾಗಿ ಹೆಸರಿಸಿದ್ದನ್ನು ಖಂಡಿಸಿ, ಚಾರ್ಲ್‌ಸ್ಟನ್ನಿನ ಪತ್ರಕರ್ತ ಐಸಾಕ್ ಹಾರ್ಬಿ 1816ರಲ್ಲಿ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಮನ್ರೋಗೆ ಬರೆದ ಪತ್ರದ ಸಾರ ಇಷ್ಟು: ಯಹೂದಿಗಳು ಸರ್ಕಾರ ಸಹಿಸಿಕೊಂಡಿರುವ ಒಂದು ಪಂಥವಲ್ಲ, ಅವರು ಈ ಜನತೆಯ ಒಂದು ಭಾಗ. ಯುರೋಪಿನ ಯಾವ ಯಹೂದಿಯೂ ಆಗ ತನ್ನ ಸರ್ಕಾರಕ್ಕೆ ಇಷ್ಟು ನೆಟ್ಟಗೆ ಬರೆಯುವುದು ಕಷ್ಟವಿತ್ತು.

ಈ ಆತ್ಮವಿಶ್ವಾಸ ಯಾವುದರ ಮೇಲೆ ನಿಂತಿತ್ತು ಎಂದು ಕೇಳಲೇಬೇಕು. ಚಾರ್ಲ್‌ಸ್ಟನ್ನಿನಲ್ಲಿ ಕಪ್ಪು ಜನರೇ ಬಹುಸಂಖ್ಯಾತರಾಗಿದ್ದರು, ಬಿಳಿಯರು ಸದಾ ದಂಗೆಯ ಭಯದಲ್ಲಿದ್ದರು. ಅಂಥ ಕಡೆ ಒಬ್ಬನ ಸ್ಥಾನಮಾನವನ್ನು ನಿರ್ಧರಿಸುತ್ತಿದ್ದ ಮೊದಲ ಗೆರೆ ಬಣ್ಣದ್ದು. ಧರ್ಮದ ಗೆರೆ ಅದರ ನಂತರದ್ದು. ಯಹೂದಿಗಳು ಆ ಮೊದಲ ಗೆರೆಯ ಈಚೆಗಿದ್ದರು. 1830ರ ಗಣತಿ ಪಟ್ಟಿಗಳನ್ನು ಪರಿಶೀಲಿಸಿದವರ ಲೆಕ್ಕದಂತೆ ಊರಿನ ಯಹೂದಿ ಮನೆಗಳಲ್ಲಿ ಐದಕ್ಕೆ ನಾಲ್ಕಕ್ಕೂ ಹೆಚ್ಚು ಕಡೆ ಗುಲಾಮರಿದ್ದರು. ಕ್ರೈಸ್ತ ಬಿಳಿಯರ ಮನೆಗಳ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ. ಬೆತ್ ಎಲೋಹಿಮ್‌ನ 1820ರ ನಿಯಮಾವಳಿ, ಹೊರಗಿನವರು ಯಹೂದಿ ಧರ್ಮಕ್ಕೆ ಸೇರಬಯಸಿದರೆ ಅವರು ಬಣ್ಣದ ಜನರಾಗಿರಬಾರದು ಎಂದು ಬರೆದಿಟ್ಟಿತು. ಹೀಗಿದ್ದೂ, ಬಿಲ್ಲಿ ಸಿಮನ್ಸ್ ಎಂಬ ಕಪ್ಪು ಮನುಷ್ಯ, ಪತ್ರಿಕೆ ಹಂಚುವ ಕೆಲಸದವನು, 1850ರ ದಶಕದಲ್ಲಿ ಅದೇ ಸಿನಗಾಗ್‌ನ ಪ್ರಾರ್ಥನೆಗೆ ತಪ್ಪದೆ ಬರುತ್ತಿದ್ದನು. ಅವನು ಅಲ್ಲಿ ಯಾವ ಹಕ್ಕಿನ ಮೇಲೆ ಕೂರುತ್ತಿದ್ದನೆಂಬುದಕ್ಕೆ ಆ ನಿಯಮಾವಳಿಯಲ್ಲಿ ಉತ್ತರ ಸಿಗುವುದಿಲ್ಲ.

ಈಗ ಚಾರ್ಲ್‌ಸ್ಟನ್ನಿಗೆ ಯಹೂದಿ ಇತಿಹಾಸದಲ್ಲಿ ಸ್ಥಿರವಾದ ಹೆಸರು ತಂದ ಘಟನೆಗೆ ಬರುತ್ತೇನೆ. 1824ರ ಡಿಸೆಂಬರಿನಲ್ಲಿ 47 ಜನ ಸಿನಗಾಗ್‌ನ ಆಡಳಿತ ಮಂಡಳಿಗೆ ಒಂದು ಮನವಿ ಕೊಟ್ಟರು. ಅವರಲ್ಲಿ ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದವರು, ಇನ್ನೂ ನಲವತ್ತು ದಾಟದವರು. ರಬ್ಬಿ, ಅಂದರೆ ಯಹೂದಿ ಧರ್ಮಪಂಡಿತ, ಒಬ್ಬನೂ ಇರಲಿಲ್ಲ. ಆ ಕಾಲದ ಅಮೆರಿಕದಲ್ಲಿ ಶಾಸ್ತ್ರೋಕ್ತ ದೀಕ್ಷೆ ಪಡೆದ ರಬ್ಬಿಯೇ ಇರಲಿಲ್ಲ. ಅವರು ಕೇಳಿದ್ದು ದೊಡ್ಡದೇನಲ್ಲ: ಹಿಬ್ರೂ ಪ್ರಾರ್ಥನೆಗಳಲ್ಲಿ ಮುಖ್ಯವಾದವನ್ನು ಇಂಗ್ಲಿಷಿನಲ್ಲೂ ಹೇಳಬೇಕು, ವಾರದ ತೋರಾ (ಯಹೂದಿ ಧರ್ಮಗ್ರಂಥ) ಭಾಗದ ಮೇಲೆ ಇಂಗ್ಲಿಷಿನಲ್ಲಿ ಒಂದು ಪ್ರವಚನವಿರಬೇಕು, ಸೇವೆ ಅಷ್ಟೊಂದು ಉದ್ದವಾಗಬಾರದು, ಕಾಣಿಕೆಗಳನ್ನು ಸ್ಪ್ಯಾನಿಷ್ ಭಾಷೆಯಲ್ಲಿ ಕೂಗಿ ಹೇಳುವುದು ನಿಲ್ಲಬೇಕು. ಈ ಕೊನೆಯ ಬೇಡಿಕೆಯ ಬಳಿ ನಾನು ಸ್ವಲ್ಪ ನಿಲ್ಲುತ್ತೇನೆ. ಸ್ಪೇನ್ ಯಹೂದಿಗಳನ್ನು ಹೊರಹಾಕಿ ಮುನ್ನೂರು ವರ್ಷಗಳ ಮೇಲಾಗಿತ್ತು, ಸಭೆಯ ಬಹುಪಾಲು ಜನಕ್ಕೆ ಸ್ಪ್ಯಾನಿಷ್ ಬರುತ್ತಿರಲಿಲ್ಲ, ಆದರೂ ಕಾಣಿಕೆಯ ಘೋಷಣೆ ಆ ನುಡಿಯಲ್ಲೇ ನಡೆಯುತ್ತಿತ್ತು. ಹಿರಿಯರಿಗೆ ಅದು ಪೂರ್ವಿಕರ ಗುರುತು. ಕಿರಿಯರಿಗೆ ತಮ್ಮನ್ನು ಓಡಿಸಿದವರ ಭಾಷೆ, ಅರ್ಥವಾಗದ ಶಬ್ದ. ಮಂಡಳಿ ಮನವಿಯನ್ನು ಚರ್ಚೆಗೂ ಎತ್ತಿಕೊಳ್ಳದೆ ತಳ್ಳಿಹಾಕಿತು.

ಮನವಿದಾರರು ಬೇರೆಯಾಗಿ ಇಸ್ರೇಲೀಯರ ಸುಧಾರಿತ ಸಂಘವನ್ನು ಕಟ್ಟಿಕೊಂಡರು. ಹಾರ್ಬಿ, ಅಬ್ರಹಾಂ ಮೊಯ್ಸ್, ಡೇವಿಡ್ ನೂನೆಸ್ ಕರ್ವಾಲ್ಯೊ ಅದರ ಮುಂದಾಳುಗಳು. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 1818ರಿಂದ ಇಂಥದೇ ಪ್ರಯತ್ನ ನಡೆದಿದ್ದು ಅವರಿಗೆ ತಿಳಿದಿತ್ತು, ಆದರೆ ಯಾರೂ ಅಲ್ಲಿಂದ ಬಂದು ಇವರಿಗೆ ಕಲಿಸಿರಲಿಲ್ಲ. 1830ರಲ್ಲಿ ಸಂಘ ತನ್ನದೇ ಪ್ರಾರ್ಥನಾ ಪುಸ್ತಕ ಅಚ್ಚು ಹಾಕಿಸಿತು. ಅಷ್ಟರೊಳಗೆ ಅದರ ಕಸುವು ಇಳಿದಿತ್ತು. ಹಾರ್ಬಿ 1828ರಲ್ಲಿ ಜೀವನೋಪಾಯ ಹುಡುಕಿಕೊಂಡು ನ್ಯೂಯಾರ್ಕಿಗೆ ಹೋಗಿ, ಅದೇ ವರ್ಷ ಅಲ್ಲಿ ತೀರಿಕೊಂಡನು. 1833ರಲ್ಲಿ ಸಂಘ ಮುಚ್ಚಿತು, ಸದಸ್ಯರಲ್ಲಿ ಹಲವರು ಹಳೆಯ ಸಿನಗಾಗ್‌ಗೆ ಮರಳಿದರು. ಸೋತು ಮರಳಿದವರಂತೆ ಕಂಡರೂ ಅವರು ತಮ್ಮ ಅಭಿಪ್ರಾಯಗಳನ್ನು ಹೊರಗೆ ಬಿಟ್ಟು ಬಂದಿರಲಿಲ್ಲ.

1838ರ ಏಪ್ರಿಲ್ 27ರಂದು ಊರಿನ ದೊಡ್ಡ ಭಾಗವನ್ನು ಸುಟ್ಟ ಬೆಂಕಿಗೆ ಸಿನಗಾಗ್ ಆಹುತಿಯಾಯಿತು. ಗ್ರೀಕ್ ದೇವಾಲಯದ ಮಾದರಿಯಲ್ಲಿ, ಭಾರಿ ಕಂಬಸಾಲಿನೊಡನೆ ಹೊಸ ಕಟ್ಟಡ ಏಳುತ್ತಿದ್ದಾಗ, ಅದರಲ್ಲಿ ಒಂದು ಆರ್ಗನ್ ಇಡಬೇಕೆಂಬ ಸೂಚನೆ ಬಂತು. ಸಬ್ಬತ್ ದಿನ, ಅಂದರೆ ಯಹೂದಿಗಳ ವಿಶ್ರಾಂತಿಯ ದಿನವಾದ ಶನಿವಾರ, ವಾದ್ಯ ನುಡಿಸುವುದು ಸಂಪ್ರದಾಯಕ್ಕೆ ವಿರುದ್ಧ. ಯೆರೂಸಲೇಮಿನ ದೇವಾಲಯ ನಾಶವಾದ ಶೋಕವೂ ವಾದ್ಯಸಂಗೀತದ ನಿಷೇಧದ ಹಿಂದಿದೆ. 1840ರಲ್ಲಿ ನಡೆದ ಮತದಾನದಲ್ಲಿ 46 ಜನ ಪರವಾಗಿಯೂ 40 ಜನ ವಿರುದ್ಧವಾಗಿಯೂ ನಿಂತರು. ಪೋಲೆಂಡ್ ಮೂಲದ ಧರ್ಮಗುರು ಗುಸ್ತಾವಸ್ ಪೊಜ್ನಾನ್‌ಸ್ಕಿ, ಸಂಪ್ರದಾಯಸ್ಥನೆಂದು ನಂಬಿ ನೇಮಿಸಿಕೊಂಡಿದ್ದವನು, ಆರ್ಗನ್ ಪರ ನಿಂತನು. 1841ರ ಉದ್ಘಾಟನೆಯಲ್ಲಿ ಅವನು ಆಡಿದ ಮಾತು ಇಂದಿಗೂ ಉಲ್ಲೇಖಗೊಳ್ಳುತ್ತದೆ: ಈ ಸಿನಗಾಗೇ ನಮ್ಮ ದೇವಾಲಯ, ಈ ನಗರವೇ ನಮ್ಮ ಯೆರೂಸಲೇಮ್, ಈ ಸುಖದ ನಾಡೇ ನಮ್ಮ ಪ್ಯಾಲೆಸ್ಟೈನ್. ಎರಡು ಸಾವಿರ ವರ್ಷಗಳಿಂದ ಮರಳುವ ನೆಲವನ್ನು ನೆನೆಯುತ್ತಾ ಬಂದ ಪ್ರಾರ್ಥನೆಗಳ ನಡುವೆ ಹೀಗೆ ಹೇಳುವುದು ಚಿಕ್ಕ ಮಾತಲ್ಲ. ಆ ಕಟ್ಟಡವನ್ನು ಕಟ್ಟಿಸಿದ ಗುತ್ತಿಗೆದಾರ ಡೇವಿಡ್ ಲೋಪೆಸ್ ಸಭೆಯ ಸದಸ್ಯನೇ, ಅವನ ಕೆಲಸಗಾರರಲ್ಲಿ ಗುಲಾಮರಿದ್ದರು ಎಂಬುದನ್ನೂ ಆ ಮಾತಿನ ಪಕ್ಕದಲ್ಲೇ ಇಟ್ಟು ನೋಡಬೇಕು.

ಸಂಪ್ರದಾಯಸ್ಥರು ಹೊರಬಂದು ಶೆಆರಿತ್ ಇಸ್ರಾಯೆಲ್ ಎಂಬ ಬೇರೆ ಸಭೆ ಕಟ್ಟಿದರು. ಜಗಳ ಸತ್ತವರನ್ನೂ ಬಿಡಲಿಲ್ಲ; ಕಮಿಂಗ್ ಸ್ಟ್ರೀಟ್‌ನಲ್ಲಿ ಎರಡು ಸಭೆಗಳ ಸಮಾಧಿಗಳ ನಡುವೆ ಇಟ್ಟಿಗೆಯ ಗೋಡೆ ಎದ್ದಿತು. ಆಡಳಿತ ಯಾರದೆಂಬ ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. 1846ರಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯ ಸುಧಾರಕರ ಪರ ತೀರ್ಪು ಕೊಡುತ್ತಾ, ಪ್ರಾರ್ಥನೆಯಲ್ಲಿ ವಾದ್ಯವಿರಬೇಕೇ ಬೇಡವೇ ಎಂಬುದನ್ನು ನ್ಯಾಯಾಧೀಶರು ನಿರ್ಣಯಿಸಲಾರರು, ಕಾಲದೊಡನೆ ಆಚರಣೆಗಳು ಬದಲಾಗುವುದನ್ನು ಯಾವ ನಿಯಮವೂ ತಡೆಯಲಾರದು ಎಂಬ ಧಾಟಿಯಲ್ಲಿ ವಾದಿಸಿತು. ಸರ್ಕಾರಿ ಆಯೋಗಗಳೂ ನ್ಯಾಯಾಲಯಗಳೂ ಮಠ ಮಂದಿರಗಳ ಆಚರಣೆಯನ್ನು ತೂಗಿ ನೋಡುವುದು ಸಾಮಾನ್ಯವಾಗಿರುವ ನಮಗೆ ಈ ತೀರ್ಪು ಓದಲು ಕುತೂಹಲಕರ.

ಈ ಕಾಲದ ಹಾಡುಗಳು ಪೆನಿನಾ ಮೊಯ್ಸ್ ಎಂಬ ಕವಯಿತ್ರಿಯವು. ಅವಳ ಮನೆಯವರು ಕೆರಿಬಿಯನ್‌ನ ಸೇಂಟ್ ಡೊಮಿಂಗೊ ದ್ವೀಪದಲ್ಲಿ ಗುಲಾಮರು ದಂಗೆ ಎದ್ದಾಗ ಓಡಿಬಂದವರು. ಅವಳು ಚಾರ್ಲ್‌ಸ್ಟನ್ನಿನಲ್ಲಿ 1797ರಲ್ಲಿ ಹುಟ್ಟಿದಳು. ಆರ್ಗನ್ ಬಂದ ಮೇಲೆ ಅದರೊಡನೆ ಹಾಡಲು ಇಂಗ್ಲಿಷ್ ಸ್ತೋತ್ರಗಳು ಬೇಕಾದವು, ಅವನ್ನು ಹೆಚ್ಚಾಗಿ ಬರೆದವಳು ಅವಳೇ. ಯಹೂದಿ ಮಕ್ಕಳ ಭಾನುವಾರದ ಶಾಲೆಯನ್ನೂ ನಡೆಸಿದಳು, ಕೊನೆಗಾಲದಲ್ಲಿ ದೃಷ್ಟಿ ಕಳೆದುಕೊಂಡ ಮೇಲೂ ಪಾಠ ಹೇಳುತ್ತಿದ್ದಳು, 1880ರಲ್ಲಿ ತೀರಿಕೊಂಡಳು. ಮನವಿ ಕೊಟ್ಟವರ, ಮತ ಹಾಕಿದವರ, ಮೊಕದ್ದಮೆ ಹೂಡಿದವರ ಪಟ್ಟಿಗಳಲ್ಲಿ ಹೆಂಗಸರ ಹೆಸರಿಲ್ಲ. ಸುಧಾರಣೆ ದಿನನಿತ್ಯದ ಆರಾಧನೆಯಾಗಿ ಬಾಳಿದ್ದು ಬಹುಮಟ್ಟಿಗೆ ಅವಳ ಪದಗಳಲ್ಲಿ.

ಈ ಜಗಳದ ಹೊತ್ತಿಗೆ ಜನಸಂಖ್ಯೆಯ ದೃಷ್ಟಿಯಿಂದ ಚಾರ್ಲ್‌ಸ್ಟನ್ನಿನ ಕಾಲ ಮುಗಿದಿತ್ತು. 1825ರಲ್ಲಿ ಈರಿ ಕಾಲುವೆ ತೆರೆದು ಒಳನಾಡಿನ ಸರಕೆಲ್ಲ ನ್ಯೂಯಾರ್ಕಿನತ್ತ ಹರಿಯತೊಡಗಿತು. ಹತ್ತಿ ಬೇಸಾಯ ಪಶ್ಚಿಮಕ್ಕೆ ಸರಿದಂತೆ ಮೊಬೀಲ್, ನ್ಯೂ ಆರ್ಲಿಯನ್ಸ್ ಬಂದರುಗಳು ಬೆಳೆದವು. 1830ರ ನಂತರ ಜರ್ಮನ್ ನಾಡುಗಳಿಂದ ಬಂದ ಸಾವಿರಾರು ಯಹೂದಿಗಳು ಆ ಕಡೆಗಳಿಗೂ ಸಿನ್ಸಿನಾಟಿಯಂಥ ಊರುಗಳಿಗೂ ಹೋದರು. ಚಾರ್ಲ್‌ಸ್ಟನ್ನಿನಲ್ಲೇ ಬೆಳೆದ ಜೂಡಾ ಬೆಂಜಮಿನ್ ಕೂಡ ನ್ಯೂ ಆರ್ಲಿಯನ್ಸಿಗೆ ಹೋಗಿ ವಕೀಲನಾಗಿ, ಸೆನೆಟರ್ ಆಗಿ, ಅಂತರ್ಯುದ್ಧದಲ್ಲಿ, ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಬೇರೆಯಾದ ದಕ್ಷಿಣದ ರಾಜ್ಯಗಳ ಒಕ್ಕೂಟದ ವಿದೇಶಾಂಗ ಕಾರ್ಯದರ್ಶಿಯಾದನು. ಯುದ್ಧದ ಅಪಾಯಕ್ಕೆ ಹೆದರಿ ಬೆತ್ ಎಲೋಹಿಮ್ ತನ್ನ ತೋರಾ ಸುರುಳಿಗಳನ್ನೂ ಆರ್ಗನ್ನನ್ನೂ ರಾಜಧಾನಿ ಕೊಲಂಬಿಯಾಕ್ಕೆ ಸಾಗಿಸಿತ್ತು. 1865ರ ಫೆಬ್ರವರಿಯಲ್ಲಿ ಆ ಊರೇ ಸುಟ್ಟಿತು. ಮರುವರ್ಷ, ಬಡತನದ ಕಾರಣಕ್ಕೆ, ಬೇರೆಯಾಗಿದ್ದ ಎರಡು ಸಭೆಗಳು ಮತ್ತೆ ಒಂದಾದವು.

1880ರ ನಂತರ ಬಂದವರು ಬೇರೆಯೇ ಜನ. ವಾರ್ಸಾ ಬಳಿಯ ಕಲುಶಿನ್ ಎಂಬ ಊರಿನಿಂದ ಎಷ್ಟು ಕುಟುಂಬಗಳು ಚಾರ್ಲ್‌ಸ್ಟನ್ನಿಗೆ ಬಂದವೆಂದರೆ, ಅವರದೇ ಒಂದು ಸಂಘವಿತ್ತು. ಒಬ್ಬ ಬಂದು ಅಂಗಡಿ ಹಾಕಿ ತಮ್ಮನನ್ನು ಕರೆಸಿಕೊಳ್ಳುವುದು, ತಮ್ಮ ಭಾವಮೈದುನನನ್ನು ಕರೆಸಿಕೊಳ್ಳುವುದು, ಹೀಗೆ ಸರಪಳಿ ಬೆಳೆಯಿತು. ಮುಂಬಯಿಯಲ್ಲಿ ಹೋಟೆಲು ಹಾಕಿದ ಉಡುಪಿಯವರ ಚರಿತ್ರೆ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಇವರು ಪೂರ್ವ ಯುರೋಪಿನ ಯಹೂದಿಗಳ ನುಡಿಯಾದ ಯಿಡ್ಡಿಷ್ ಆಡುವವರು, ಆಹಾರದ ಕುರಿತ ಕೋಶರ್ ನಿಯಮ ಪಾಲಿಸುವವರು, ಆರ್ಗನ್ ಇರುವ ಸಿನಗಾಗ್‌ಗೆ ಕಾಲಿಡದವರು. 1850ರ ದಶಕದಲ್ಲೇ ಹುಟ್ಟಿದ್ದ ಬ್ರಿತ್ ಶಾಲೋಮ್ ಸಭೆಯೂ 1911ರಲ್ಲಿ ಅದರಿಂದ ಒಡೆದ ಬೆತ್ ಇಸ್ರಾಯೆಲ್ ಸಭೆಯೂ ಇವರ ನೆಲೆಗಳಾದವು. ಊರಿನ ಮೇಲ್ಭಾಗದ ಕಿಂಗ್ ಸ್ಟ್ರೀಟ್‌ನಲ್ಲಿ ಶನಿವಾರ ಬಾಗಿಲು ಹಾಕಿದ ಯಹೂದಿ ಅಂಗಡಿಗಳ ಸಾಲು ಆ ಕಾಲದವರ ನೆನಪಿನಲ್ಲಿ ಉಳಿದಿತ್ತು.

ಒಳನಾಡಿನಲ್ಲಿ ಆ ಸೌಕರ್ಯವಿರಲಿಲ್ಲ. ಬೆನ್ನಿಗೆ ಗಂಟು ಹೊತ್ತು ಹಳ್ಳಿ ತಿರುಗಿ ಮಾರುತ್ತಿದ್ದವರು ಒಂದಿಷ್ಟು ಕೂಡಿಟ್ಟು ಸಮ್ಟರ್, ಕ್ಯಾಮ್ಡೆನ್, ಆರೆಂಜ್‌ಬರ್ಗ್, ವಾಲ್ಟರ್‌ಬರೊ, ಬ್ಲ್ಯಾಕ್‌ವಿಲ್‌ಗಳಂಥ ಪೇಟೆಗಳಲ್ಲಿ ಬಟ್ಟೆ, ದಿನಸಿ, ಪಾದರಕ್ಷೆಗಳ ಅಂಗಡಿ ತೆರೆದರು. ರೈತರು, ಗೇಣಿದಾರರು ಸಂತೆಗೆ ಬರುವುದು ಶನಿವಾರ. ಭಾನುವಾರ ವ್ಯಾಪಾರಕ್ಕೆ ಕಾನೂನಿನ ತಡೆ. ಹಾಗಾಗಿ ಸಬ್ಬತ್ ಪಾಲಿಸಬೇಕೆಂದವನು ವಾರದ ಮುಖ್ಯ ಗಿರಾಕಿಯನ್ನು ಬಿಡಬೇಕು. ಹೆಚ್ಚಿನವರು ಬಾಗಿಲು ತೆರೆದರು, ಶುಕ್ರವಾರ ಸಂಜೆ ಮಾತ್ರ ಪ್ರಾರ್ಥನೆಗೆ ಸೇರಿದರು. ಚಾರ್ಲ್‌ಸ್ಟನ್ನಿನ ಸುಧಾರಕರು ಲೇಖನ, ಭಾಷಣ, ಮೊಕದ್ದಮೆಗಳ ಮೂಲಕ ತಂದ ಬದಲಾವಣೆಯನ್ನು ಈ ಅಂಗಡಿಕಾರರು ಯಾವ ವಾದವೂ ಇಲ್ಲದೆ, ವ್ಯಾಪಾರದ ಒತ್ತಡಕ್ಕೆ ತಂದುಕೊಂಡರು. ಅಂಗಡಿಯ ಬದಲು ನೆಲವನ್ನೇ ನಂಬಿದವರೂ ಇದ್ದರು: 1905ರ ಕೊನೆಯಲ್ಲಿ ನ್ಯೂಯಾರ್ಕಿನಿಂದ ಹೊರಟ ರಷ್ಯನ್ ಮೂಲದ ಕೆಲವು ಯಹೂದಿ ಸಮಾಜವಾದಿಗಳು ಐಕೆನ್ ಬಳಿ ಹ್ಯಾಪಿವಿಲ್ ಎಂಬ ಸಾಮೂಹಿಕ ಬೇಸಾಯದ ನೆಲೆ ಕಟ್ಟಿದರು, ಮಳೆ, ಸಾಲ, ಒಳಜಗಳಗಳ ಹೊಡೆತಕ್ಕೆ ಮೂರು ವರ್ಷಗಳೊಳಗೆ ಅದು ಮುಗಿಯಿತು.

ಅಂಗಡಿಕಾರರ ಮಕ್ಕಳು ಓದಿ ಬೇರೆ ಕಡೆ ಕೈಹಾಕಿದರು. ಬ್ಲ್ಯಾಕ್‌ವಿಲ್‌ನಲ್ಲಿ ಹುಟ್ಟಿದ ಸಾಲಮನ್ ಬ್ಲಾಟ್ ರಷ್ಯದಿಂದ ಬಂದ ತಂದೆತಾಯಿಯ ಮಗ. 1937ರಿಂದ 1947ರವರೆಗೆ, ಮತ್ತೆ 1951ರಿಂದ 1973ರವರೆಗೆ ರಾಜ್ಯದ ಕೆಳಮನೆಯ ಸ್ಪೀಕರ್ ಆಗಿದ್ದನು. ಅಷ್ಟು ಕಡಿಮೆ ಯಹೂದಿಗಳಿರುವ ರಾಜ್ಯದಲ್ಲಿ ಇಷ್ಟು ದೀರ್ಘ ಅಧಿಕಾರ ಬೆರಗು ಹುಟ್ಟಿಸುತ್ತದೆ. ಆ ಅಧಿಕಾರದ ಬಹುಕಾಲ ಅವನು ವರ್ಣಭೇದದ ವ್ಯವಸ್ಥೆಯ ಪರವಾಗಿಯೇ ನಿಂತಿದ್ದನು ಎಂಬುದು, ಮೊದಲು ಹೇಳಿದ ಬಣ್ಣದ ಗೆರೆ ಇಪ್ಪತ್ತನೇ ಶತಮಾನದಲ್ಲೂ ಎಷ್ಟು ಗಟ್ಟಿಯಾಗಿತ್ತೆಂಬುದಕ್ಕೆ ಪುರಾವೆ.

ಒಳನಾಡಿನ ಪೇಟೆಗಳು 1960ರ ನಂತರ ಬರಿದಾದವು. ಹತ್ತಿ ಬಿಡಿಸಲು ಯಂತ್ರ ಬಂದು ಹಳ್ಳಿಗಳ ಜನ ಚದುರಿದರು, ದೊಡ್ಡ ಮಳಿಗೆಗಳು ಬಂದು ಚಿಕ್ಕ ಅಂಗಡಿಗಳನ್ನು ನುಂಗಿದವು, ಕಾಲೇಜಿಗೆ ಹೋದ ಮಕ್ಕಳು ಅಟ್ಲಾಂಟಾ, ಷಾರ್ಲಟ್‌ಗಳಿಂದ ಮರಳಲಿಲ್ಲ. ಸಮ್ಟರ್‌ನಲ್ಲಿ 1913ರ ಸುಮಾರಿಗೆ ಕಟ್ಟಿದ ಟೆಂಪಲ್ ಸಿನಾಯ್‌ನ ಒಂದು ಭಾಗ 2018ರಿಂದ ಯಹೂದಿ ಇತಿಹಾಸದ ವಸ್ತುಸಂಗ್ರಹಾಲಯವಾಗಿದೆ. ಹೀಗಿದ್ದೂ ರಾಜ್ಯದ ಒಟ್ಟು ಯಹೂದಿ ಸಂಖ್ಯೆ ಕುಗ್ಗಿಲ್ಲ, ಏರಿದೆ. ಏರಿಕೆ ಕರಾವಳಿಯದು ಮತ್ತು ಗ್ರೀನ್‌ವಿಲ್ ಸುತ್ತಲಿನ ಕೈಗಾರಿಕಾ ಪ್ರದೇಶದ್ದು. ಹಿಲ್ಟನ್ ಹೆಡ್ ದ್ವೀಪದಲ್ಲಿ ನಿವೃತ್ತರು, ಮರ್ಟಲ್ ಬೀಚ್‌ನಲ್ಲಿ ಪ್ರವಾಸಿಗಳಿಗೆ ಬಟ್ಟೆ ಮಾರುವ ಇಸ್ರೇಲಿ ಮೂಲದ ಕುಟುಂಬಗಳು, ಚಾರ್ಲ್‌ಸ್ಟನ್ನಿನಲ್ಲಿ ಆಸ್ಪತ್ರೆ, ವಿಶ್ವವಿದ್ಯಾಲಯ, ಹೊಸ ಉದ್ಯಮಗಳಿಗೆ ಬಂದವರು ಇದ್ದಾರೆ. ಇವರಲ್ಲಿ ದೊಡ್ಡ ಪಾಲು ನ್ಯೂಯಾರ್ಕ್, ನ್ಯೂಜೆರ್ಸಿಗಳಿಂದ ಬಂದವರು. ಚಳಿಗಾಲಕ್ಕಷ್ಟೇ ಬಂದುಹೋಗುವ ನಿವೃತ್ತರನ್ನು ಯಾವ ರಾಜ್ಯದ ಲೆಕ್ಕಕ್ಕೆ ಸೇರಿಸಬೇಕು ಎಂಬುದು ಅಂದಾಜು ಮಾಡುವವರಿಗೆ ಈಗ ಪ್ರತಿವರ್ಷದ ತಲೆನೋವು.